ಮರಿಗಳ ಹೊಟ್ಟೆ ಡೊಳ್ಳಾಗಿದೆ, ಮೈ ಮಾತ್ರ ತುಂಬುತ್ತಿಲ್ಲ: ತಪ್ಪು ನಾರಿನದೇ?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ರೈತ. ಅಟ್ಟಣಿಗೆ ಕಟ್ಟಿಸಿ ಮೇಕೆ ಸಾಕುತ್ತಿದ್ದೇನೆ. ಮೂರೂವರೆಯಿಂದ ನಾಲ್ಕೂವರೆ ತಿಂಗಳ 22 ಮರಿಗಳಿವೆ, ತೂಕ 11ರಿಂದ 14 ಕೆ.ಜಿ. ಹಾಲು ಬಿಡಿಸಿದ ಮೇಲೆ ರಾಗಿಹುಲ್ಲು ಮತ್ತು ಹಸಿ ನೇಪಿಯರ್ ಹುಲ್ಲು ಹೊಟ್ಟೆತುಂಬ ಹಾಕುತ್ತಿದ್ದೇನೆ. ಮರಿಗಳ ಹೊಟ್ಟೆ ಡೊಳ್ಳಾಗಿದೆ, ಬೆನ್ನಮೂಳೆ ಕೈಗೆ ಸಿಗುತ್ತದೆ, ಒಂದು ತಿಂಗಳಿಂದ ತೂಕ ಏರಿಲ್ಲ. ಪರಿಚಯದವರೊಬ್ಬರು ‘ನಾರು ಜಾಸ್ತಿಯಾಗಿದೆ, ಹುಲ್ಲು ಕಡಿಮೆ ಮಾಡಿ ಮೆಕ್ಕೆಜೋಳದ ಹಿಟ್ಟು, ಬೂಸಾ ಕೊಡಿ, ಮುಂದಿನ ಬಕ್ರೀದ್ ಹೊತ್ತಿಗೆ ಮೈ ಕಟ್ಟುತ್ತವೆ’ ಎಂದರು. ಅದರಂತೆ ಐದು ದಿನದಿಂದ ತಲಾ ಕಾಲು ಕೆ.ಜಿ. ಹಿಟ್ಟು ಕೊಟ್ಟೆ. ಹಿಕ್ಕೆ ಮೆತ್ತಗಾಗಿ ಸಗಣಿಯಂತೆ ಬೀಳುತ್ತಿದೆ, ಎರಡು ಮರಿಗಳು ಮೇವು ಮುಟ್ಟುತ್ತಿಲ್ಲ. ಇನ್ನೊಬ್ಬರು ‘ಮೇಕೆಗೆ ನಾರೇ ಜೀವ, ಹಿಟ್ಟು ಹಾಕಿದ್ದೇ ತಪ್ಪು’ ಎನ್ನುತ್ತಾರೆ. ಬೆಳೆಯುವ ಮರಿಗೆ ನಾರು ಎಷ್ಟು ಬೇಕು? ಹುಲ್ಲನ್ನು ಪುಡಿ ಮಾಡಿ ಕೊಟ್ಟರೆ ಚೆನ್ನಾಗಿ ಜೀರ್ಣವಾಗುತ್ತದೆಯೇ?

ಉತ್ತರ: ಮೊದಲು ಮೇವು ಬಿಟ್ಟಿರುವ ಆ ಎರಡು ಮರಿಗಳ ವಿಷಯ, ಏಕೆಂದರೆ ಉಳಿದದ್ದೆಲ್ಲ ಎರಡು ದಿನ ತಡವಾದರೂ ನಡೆಯುತ್ತದೆ. ಹನ್ನೆರಡು ಕೆ.ಜಿ. ತೂಗುವ ಮರಿಗೆ ರೂಢಿಯಿಲ್ಲದ ಹಿಟ್ಟನ್ನು ಏಕಾಏಕಿ ಕಾಲು ಕೆ.ಜಿ. ಕೊಟ್ಟಾಗ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗುವ ಸಂಭವವೇ ಜಾಸ್ತಿ. ಮರಿ ಹಲ್ಲು ಕಡಿಯುತ್ತಿದೆಯೇ, ಮೆಲುಕು ನಿಂತಿದೆಯೇ, ಎಡಪಕ್ಕೆಯನ್ನು ಅಲುಗಿಸಿದರೆ ಒಳಗೆ ನೀರು ತುಳುಕಿದ ಸದ್ದು ಬರುತ್ತದೆಯೇ, ಕಣ್ಣು ಗುಳಿಬಿದ್ದಿವೆಯೇ ಎಂದು ನೋಡಿ. ಎಲ್ಲ ಮರಿಗಳಿಗೂ ಹಿಟ್ಟನ್ನು ಇಂದೇ ನಿಲ್ಲಿಸಿ ಒಣಹುಲ್ಲು ಮತ್ತು ಶುದ್ಧ ನೀರನ್ನಷ್ಟೇ ಇಡಿ. ಮೇವು ಬಿಟ್ಟ ಮರಿ ಎದ್ದು ನಿಂತು ನುಂಗುವ ಸ್ಥಿತಿಯಲ್ಲಿದ್ದರೆ ಅದರ ಪ್ರತಿ ಕೆ.ಜಿ. ತೂಕಕ್ಕೆ ಒಂದು ಗ್ರಾಂ ಲೆಕ್ಕದಲ್ಲಿ ಅಡುಗೆ ಸೋಡಾವನ್ನು ಕಾಲು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ಕುಡಿಸುವಾಗ ಮೂತಿಯನ್ನು ಆಕಾಶಕ್ಕೆ ಎತ್ತಬಾರದು, ಎತ್ತಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಲಗಿದಲ್ಲೇ ಇರುವ ಮರಿಗೆ ಬಾಯಿಂದ ಏನನ್ನೂ ಹಾಕದೆ ಪಶುವೈದ್ಯರನ್ನು ಕರೆಸಿ; ಅದಕ್ಕೆ ರಕ್ತನಾಳದ ಮೂಲಕವೇ ದ್ರವ ಕೊಡಬೇಕಾಗುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ನಿಮ್ಮ ಆತಂಕವನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ನಾರು ಕೊಟ್ಟಾಗ ಮರಿ ಬೆಳೆಯಲಿಲ್ಲ, ನಾರು ಕಡಿಮೆ ಮಾಡಿದಾಗ ಕಾಯಿಲೆ ಬಿತ್ತು, ಹಾಗಾದರೆ ಯಾರ ಮಾತು ನಂಬುವುದು? ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಇಬ್ಬರೂ ನಾರನ್ನು ಒಂದೇ ವಸ್ತುವೆಂದು ಎಣಿಸಿರುವುದರಿಂದ ಉಳಿದರ್ಧ ತಪ್ಪಿಹೋಗಿದೆ. ರಾಗಿಹುಲ್ಲಿನ ನಾರು, ಬಲಿತ ನೇಪಿಯರ್ ದಂಟಿನ ನಾರು, ಶೇಂಗಾ ಬಳ್ಳಿಯ ನಾರು, ಅಗಸೆ ಮರದ ಸೊಪ್ಪಿನ ನಾರು, ಗೋಧಿ ಬೂಸಾದ ನಾರು ಇವೆಲ್ಲ ಮರಿಯ ಹೊಟ್ಟೆಯಲ್ಲಿ ಬೇರೆ ಬೇರೆ ರೀತಿಯಲ್ಲಿ ವರ್ತಿಸುತ್ತವೆ. ಮರಿಗೆ ಎಷ್ಟು ನಾರು ಎಂಬುದಕ್ಕಿಂತ ಯಾವ ನಾರು, ಎಷ್ಟು ಉದ್ದದ್ದು, ಅದರ ಜೊತೆಗೆ ಎಷ್ಟು ಪ್ರೋಟೀನ್ ಎಂಬ ಮೂರು ವಿಷಯಗಳನ್ನು ಒಟ್ಟಿಗೆ ನೋಡಬೇಕು.

ಹುಟ್ಟಿದ ಮರಿಯ ನಾಲ್ಕು ಹೊಟ್ಟೆಗಳಲ್ಲಿ ದೊಡ್ಡದು ನಾಲ್ಕನೆಯದು, ಅಂದರೆ ನಮ್ಮ ಜಠರಕ್ಕೆ ಸಮನಾದದ್ದು. ಕುಡಿದ ಹಾಲು ಒಂದು ತೋಡಿನ ಮೂಲಕ ಮೊದಲಿನ ಹೊಟ್ಟೆಗಳನ್ನು ತಪ್ಪಿಸಿಕೊಂಡು ನೇರವಾಗಿ ಅಲ್ಲಿಗೆ ಹೋಗುತ್ತದೆ. ಎರಡನೆಯ ವಾರದಿಂದ ಮರಿ ಚಿಗುರು ಕಚ್ಚತೊಡಗಿದಂತೆ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ನೆಲೆಗೊಂಡು, ಎಂಟರಿಂದ ಹನ್ನೆರಡು ವಾರಗಳ ಹೊತ್ತಿಗೆ ಅದು ಕೆಲಸ ಮಾಡುವ ಮಟ್ಟಕ್ಕೆ ಬರುತ್ತದೆ. ಈ ಬೆಳವಣಿಗೆಗೆ ಎರಡು ಮುಖಗಳಿವೆ. ಚೀಲದ ಗಾತ್ರವೂ ಸ್ನಾಯುವಿನ ಬಲವೂ ಹುಲ್ಲು, ಸೊಪ್ಪಿನಂಥ ಒರಟು ಮೇವಿನಿಂದ ಬರುತ್ತವೆ. ಪೋಷಕಾಂಶವನ್ನು ಹೀರುವ ಒಳಗೋಡೆಯ ಎಳೆಗಳು ಮಾತ್ರ ಕಾಳು, ಹಿಂಡಿ ಮತ್ತು ಎಳೆಯ ಸೊಪ್ಪು ಹುದುಗಿದಾಗ ಹುಟ್ಟುವ ಬ್ಯುಟಿರಿಕ್ ಮತ್ತು ಪ್ರೊಪಿಯೋನಿಕ್ ಆಮ್ಲಗಳಿಂದ ಬೆಳೆಯುತ್ತವೆ. ಬರೀ ಒಣಹುಲ್ಲು ತಿಂದು ಸತ್ತ ಮರಿಗಳ ಮರಣೋತ್ತರ ಪರೀಕ್ಷೆಯಲ್ಲಿ ರೂಮೆನ್ ತೆರೆದರೆ ಚೀಲ ದೊಡ್ಡದಾಗಿಯೇ ಇರುತ್ತದೆ, ಆದರೆ ಗೋಡೆ ತೆಳ್ಳಗೆ, ಬಿಳಿಚಿಕೊಂಡು, ಬೆರಳಾಡಿಸಿದರೆ ನುಣ್ಣಗೆ ಜಾರುತ್ತದೆ. ಚೆನ್ನಾಗಿ ಬೆಳೆದ ಮರಿಯಲ್ಲಿ ಅದೇ ಗೋಡೆ ದಪ್ಪ ಟರ್ಕಿ ಟವೆಲಿನಂತೆ ಕಂದು ಎಳೆಗಳಿಂದ ತುಂಬಿರುತ್ತದೆ. ನಿಮ್ಮ ಮರಿಗಳು ಇರುವುದು ಈ ಎರಡೂ ಕೆಲಸ ಒಟ್ಟೊಟ್ಟಿಗೆ ಮುಗಿಯಬೇಕಾದ ವಯಸ್ಸಿನಲ್ಲಿ.

ನಾರನ್ನು ಜೀರ್ಣಿಸುವ ಶಕ್ತಿ ಮೇಕೆಯ ಸ್ವಂತದ್ದಲ್ಲ, ಈ ಸೂಕ್ಷ್ಮಜೀವಿಗಳದು. ಅವು ನಾರನ್ನು ಒಡೆದು ಅಸಿಟಿಕ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ, ಮೇಕೆಗೆ ಬೇಕಾದ ಶಕ್ತಿಯ ಬಹುಪಾಲು ಅವುಗಳಿಂದಲೇ ಬರುತ್ತದೆ. ಸೂಕ್ಷ್ಮಜೀವಿಗಳು ಬದುಕಲು ಸಾರಜನಕ ಬೇಕು. ಮೇವಿನ ಒಣ ಅಂಶದಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಅವುಗಳ ಸಂಖ್ಯೆ ಕುಗ್ಗಿ ನಾರು ಒಡೆಯುವ ಕೆಲಸ ಮಂದವಾಗುತ್ತದೆ. ಬೆಳೆಯುವ ಮರಿಗಂತೂ ಶೇ. 14ರ ಆಸುಪಾಸು ಬೇಕು. ರಾಗಿಹುಲ್ಲಿನಲ್ಲಿರುವುದು ಸುಮಾರು ಶೇ. 3ರಿಂದ 4. ಎದೆಯೆತ್ತರ ಬೆಳೆಯಲು ಬಿಟ್ಟು ಕೊಯ್ದ ನೇಪಿಯರ್‌ನಲ್ಲೂ ಪ್ರೋಟೀನ್ ಇಳಿದು, ಯಾವ ಸೂಕ್ಷ್ಮಜೀವಿಯೂ ರೂಮೆನ್‌ನಲ್ಲಿ ಕರಗಿಸಲಾಗದ ಲಿಗ್ನಿನ್ ಎಂಬ ಕಟ್ಟಿಗೆಯಂಥ ಅಂಶ ಏರಿರುತ್ತದೆ. ಇಂಥ ಮೇವು ಹೊಟ್ಟೆಯಲ್ಲಿ ದಿನಗಟ್ಟಲೆ ಕೂತು ಜಾಗ ತೆರವು ಮಾಡುವುದಿಲ್ಲ. ಮರಿಗೆ ಹೊಟ್ಟೆ ತುಂಬಿದಂತೆ ಅನಿಸಿ ಅದು ತಿನ್ನುವುದನ್ನು ನಿಲ್ಲಿಸುತ್ತದೆ, ಅತ್ತ ಬೇಕಾದ ಪೋಷಣೆ ಸಿಗದೆ ಬೆನ್ನಿನ ಮಾಂಸ ಕರಗುತ್ತದೆ. ನಿಮ್ಮ ಮರಿಗಳ ಡೊಳ್ಳುಹೊಟ್ಟೆ, ಎದ್ದ ಬೆನ್ನಮೂಳೆ ಎರಡಕ್ಕೂ ಇದೇ ಮುಖ್ಯ ಕಾರಣವೆಂದು ನನ್ನ ಅಂದಾಜು. ಇನ್ನೊಂದು ಲೆಕ್ಕವೂ ಇದೆ. ಹಸಿ ನೇಪಿಯರ್‌ನಲ್ಲಿ ಸುಮಾರು ಶೇ. 80 ಭಾಗ ನೀರು, ಅಂದರೆ ಮರಿಗೆ ದಿನಕ್ಕೆ ಬೇಕಾದ ಅರ್ಧ ಕೆ.ಜಿ. ಒಣ ಅಂಶ ಅದರಿಂದಲೇ ಬರಬೇಕಾದರೆ ಎರಡೂವರೆ ಕೆ.ಜಿ. ತಿನ್ನಬೇಕು. ನಾಲ್ಕು ತಿಂಗಳ ಮರಿಯ ಹೊಟ್ಟೆಗೆ ಅಷ್ಟು ಹಿಡಿಸುವುದಿಲ್ಲ.

ಆದರೂ ಡೊಳ್ಳುಹೊಟ್ಟೆಯ ಹೊಣೆಯನ್ನೆಲ್ಲ ಮೇವಿನ ಮೇಲೆ ಹೊರಿಸುವ ಮೊದಲು ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಜಂತುಹುಳು ಮತ್ತು ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿ ಇದೇ ವಯಸ್ಸಿನ ಮರಿಗಳನ್ನು ಹೆಚ್ಚಾಗಿ ಕಾಡುತ್ತವೆ, ಅದರಲ್ಲೂ ಕಾಕ್ಸಿಡಿಯಾ ಅಟ್ಟಣಿಗೆಯ ಇಕ್ಕಟ್ಟಿನಲ್ಲಿ ಬೇಗ ಹರಡುತ್ತದೆ. ಕೆಳರೆಪ್ಪೆಯನ್ನು ಎಳೆದು ನೋಡಿದಾಗ ಒಳಭಾಗ ಕೆಂಪಗಿರದೆ ಬಿಳಿಚಿದ್ದರೆ ರಕ್ತ ಹೀರುವ ಹುಳುವಿನ ಅನುಮಾನ ಬಲವಾಗುತ್ತದೆ. ಜಂತುಹುಳುವಿಗೆ ಕೊಡುವ ಔಷಧಿ ಕಾಕ್ಸಿಡಿಯಾಕ್ಕೆ ತಾಗುವುದಿಲ್ಲ, ಆದ್ದರಿಂದ ಅಂಗಡಿಯಿಂದ ಯಾವುದೋ ಒಂದನ್ನು ತಂದು ಕುಡಿಸುವುದು ಪರೀಕ್ಷೆಗೆ ಬದಲಿಯಾಗಲಾರದು.

ಈಗ ಇನ್ನೊಂದು ತುದಿಯನ್ನು ನೋಡೋಣ. ಮೆಕ್ಕೆಜೋಳದ ಪಿಷ್ಟ ರೂಮೆನ್‌ನಲ್ಲಿ ಬೇಗ ಹುದುಗಿ ಆಮ್ಲವಾಗುತ್ತದೆ, ನುಣ್ಣಗೆ ಬೀಸಿದ ಹಿಟ್ಟಂತೂ ಇನ್ನೂ ಬೇಗ. ಈ ಆಮ್ಲವನ್ನು ತಣಿಸುವುದು ಮರಿಯ ಜೊಲ್ಲಿನಲ್ಲಿರುವ ಕ್ಷಾರ, ಜೊಲ್ಲು ಸುರಿಯುವುದು ಮೆಲುಕು ಹಾಕುವಾಗ, ಮೆಲುಕಿಗೆ ಪ್ರಚೋದನೆ ಕೊಡುವುದು ಉದ್ದನೆಯ ನಾರು. ಸರಪಳಿಯ ಈ ಕೊಂಡಿ ಕಳಚಿದರೆ, ಸಾಮಾನ್ಯವಾಗಿ 6.2ರಿಂದ 6.8ರ ನಡುವೆ ಇರಬೇಕಾದ ರೂಮೆನ್‌ನ ಪಿ.ಎಚ್. (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 6ಕ್ಕಿಂತ ಕೆಳಗಿಳಿದು ನಾರು ಒಡೆಯುವ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ಇನ್ನೂ ಇಳಿದರೆ ಮರಿ ಮೇವು ಬಿಟ್ಟು ಭೇದಿ ಮಾಡುತ್ತದೆ. ಅಪಾಯ ಅಲ್ಲಿಗೇ ನಿಲ್ಲುವುದಿಲ್ಲ. ಜೀರ್ಣವಾಗದ ಪಿಷ್ಟ ಸಣ್ಣಕರುಳಿಗೆ ಇಳಿದಾಗ ಅಲ್ಲಿರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ವಿಪರೀತ ಹೆಚ್ಚಿ ವಿಷ ಬಿಡುತ್ತದೆ. ಕರುಳುಬೇನೆ ಎಂದು ನಾವು ಕರೆಯುವ ಆ ರೋಗದಲ್ಲಿ ಸಂಜೆ ಚೆನ್ನಾಗಿದ್ದ ಮರಿ, ಅದೂ ಹಿಂಡಿನಲ್ಲಿ ದಷ್ಟಪುಷ್ಟವಾಗಿದ್ದದ್ದೇ, ಬೆಳಗಿನ ಹೊತ್ತಿಗೆ ಸತ್ತಿರುತ್ತದೆ. ಲಸಿಕೆ ಹಾಕಿಸದಿದ್ದರೆ ನಿಮ್ಮ ವೈದ್ಯರು ಬಂದಾಗ ಅದನ್ನು ಮೊದಲು ಕೇಳಿ. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರಗಳಲ್ಲಿ ಇನ್ನೊಂದು ಡೋಸ್ ಕೂಡ ಬೇಕಾಗುತ್ತದೆ. ಹೋತದ ಮರಿಗಳಿಗೆ ಇನ್ನೊಂದು ತೊಂದರೆಯಿದೆ: ಕಾಳು ಮತ್ತು ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ ಇರುವುದರಿಂದ ಮೂತ್ರನಾಳದಲ್ಲಿ ಕಲ್ಲು ಕಟ್ಟಿಕೊಳ್ಳುತ್ತದೆ. ಮುಕ್ಕರಿದು ನಿಂತು ಹನಿ ಹನಿಯಾಗಿ ಮೂತ್ರ ಮಾಡುವ ಹೋತದ ಮರಿಯನ್ನು ಮಲಬದ್ಧತೆಯೆಂದು ಭಾವಿಸಿ ಎಣ್ಣೆ ಕುಡಿಸುತ್ತ ಕಾಲ ಕಳೆದವರನ್ನು ಬಹಳ ಕಂಡಿದ್ದೇನೆ. ಅದು ತುರ್ತಾಗಿ ವೈದ್ಯರ ಕೈಗೆ ಹೋಗಬೇಕಾದ ಸ್ಥಿತಿ.

ಬೂಸಾದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಗೋಧಿ ಬೂಸಾದಲ್ಲಿ ನಾರು ಸಾಕಷ್ಟು ಇರುವುದು ನಿಜ, ಆದರೆ ಅದರ ಕಣ ಚಿಕ್ಕದು. ಪ್ರಯೋಗಾಲಯದ ವರದಿಯಲ್ಲಿ ನಾರೆಂದು ಕಾಣುವ ಅದು ಮರಿಯ ಬಾಯಲ್ಲಿ ಮೆಲುಕು ತರುವುದಿಲ್ಲ. ಹುಲ್ಲನ್ನು ಪುಡಿ ಮಾಡಿ ಕೊಡಬಹುದೇ ಎಂಬ ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಹಿಟ್ಟಿನ ಗಿರಣಿಯಲ್ಲಿ ಬೀಸಿದ ರಾಗಿಹುಲ್ಲನ್ನು ಮರಿ ಹೆಚ್ಚು ತಿನ್ನಬಹುದು, ಆದರೆ ಅದು ಸೂಕ್ಷ್ಮಜೀವಿಗಳಿಗೆ ಸಮಯ ಕೊಡದೆ ರೂಮೆನ್ ದಾಟಿಹೋಗುತ್ತದೆ, ಮೆಲುಕು ಮತ್ತು ಜೊಲ್ಲು ಎರಡೂ ಕಡಿಮೆಯಾಗುತ್ತವೆ, ದೂಳಿನಿಂದ ಕೆಮ್ಮೂ ಬರುತ್ತದೆ. ಮೇವು ಕತ್ತರಿಸುವ ಯಂತ್ರದಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದರೆ ಸಾಕು. ಪುಡಿ ಮಾಡಿದ ಮಾತ್ರಕ್ಕೆ ಲಿಗ್ನಿನ್ ಕರಗುವುದಿಲ್ಲ, ಇಲ್ಲದ ಪ್ರೋಟೀನ್ ಬರುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಈ ವಯಸ್ಸಿನ ಮರಿಯ ಒಟ್ಟು ಒಣ ಆಹಾರದಲ್ಲಿ ನಾರಿನಂಶ ಶೇ. 35ರಿಂದ 40ರ ಸುಮಾರಿಗೆ ಇದ್ದು, ಅದರ ಹೆಚ್ಚಿನ ಭಾಗ ಸೊಪ್ಪು ಮತ್ತು ದ್ವಿದಳ ಬೆಳೆಗಳ ಒಣಮೇವಿನಿಂದ ಬರುವುದು ನನ್ನ ಅನುಭವದಲ್ಲಿ ಒಳ್ಳೆಯ ಫಲ ಕೊಟ್ಟಿದೆ. ನಿಮ್ಮ ಸೀಮೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಶಿರಾ, ಪಾವಗಡ, ಚಳ್ಳಕೆರೆ ಕಡೆ ಶೇಂಗಾ ಕಿತ್ತ ಮೇಲೆ ಉಳಿಯುವ ಬಳ್ಳಿಯಲ್ಲಿ ರಾಗಿಹುಲ್ಲಿನ ಎರಡು ಮೂರು ಪಟ್ಟು ಪ್ರೋಟೀನ್ ಇದೆ, ಮರಿಗೆ ಬೇಕಾದ ಸುಣ್ಣದಂಶವೂ ಇದೆ. ತೊಗರಿ, ಹುರುಳಿ, ಅಲಸಂದೆ ಹೊಟ್ಟುಗಳೂ ಇದೇ ಸಾಲಿಗೆ ಸೇರುತ್ತವೆ. 14 ಕೆ.ಜಿ. ಮರಿಯೊಂದಕ್ಕೆ ದಿನಕ್ಕೆ ಶೇಂಗಾ ಬಳ್ಳಿ ಅಥವಾ ಹೊಟ್ಟು 150 ಗ್ರಾಂ, ಹಸಿ ಸೊಪ್ಪು 700 ಗ್ರಾಂ, ಕೈತಿಂಡಿ (ಕಾಳು, ಹಿಂಡಿ, ಬೂಸಾ ಕಲಸಿದ ಆಹಾರ) 180 ಗ್ರಾಂ, ಮೆಲುಕಿಗೆಂದು ರಾಗಿಹುಲ್ಲು ಒಂದು ಹಿಡಿ ಎಂದು ಆರಂಭಿಸಿ. ಇದರಿಂದ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು ಒಣ ಅಂಶವೂ ಸುಮಾರು ಶೇ. 14 ಪ್ರೋಟೀನೂ ಸಿಗುತ್ತವೆ. ಕೈತಿಂಡಿಯನ್ನು ಮನೆಯಲ್ಲೇ ಕಲಸುವುದಾದರೆ 100 ಕೆ.ಜಿ.ಗೆ ಮೆಕ್ಕೆಜೋಳದ ನುಚ್ಚು 40, ಶೇಂಗಾ ಹಿಂಡಿ 25, ಗೋಧಿ ಬೂಸಾ 20, ತೊಗರಿ ನುಚ್ಚು 12, ಖನಿಜ ಮಿಶ್ರಣ 2, ಉಪ್ಪು 1 ಕೆ.ಜಿ. ಎಂಬ ಪ್ರಮಾಣ ಸರಿಹೋಗುತ್ತದೆ. ಮೆಕ್ಕೆಜೋಳವನ್ನು ನುಚ್ಚಾಗಿ ಒಡೆಸಿ, ಹಿಟ್ಟು ಮಾಡಿಸಬೇಡಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ, ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಎಳೆಯ ಮರಿಗಳ ಯಕೃತ್ತನ್ನು ಹಾಳು ಮಾಡುತ್ತದೆ. ಶೇಂಗಾ ಬಳ್ಳಿಯನ್ನೂ ಬೇರಿನ ಮಣ್ಣು ಕೊಡವದೆ ಹಾಕಬಾರದು, ಮರಳು ಹೊಟ್ಟೆಯಲ್ಲಿ ಶೇಖರವಾಗುತ್ತದೆ.

ಸೊಪ್ಪಿನಲ್ಲಿ ನನ್ನ ಮೊದಲ ಆಯ್ಕೆ ಅಗಸೆ, ಬೇಲಿಮೆಂತೆ ಮತ್ತು ಹಿಪ್ಪುನೇರಳೆ. ಮೇಕೆ ಹುಟ್ಟಾ ಸೊಪ್ಪು ಆಯ್ದು ತಿನ್ನುವ ಪ್ರಾಣಿ, ಅದರ ನಾಲಿಗೆ ತುಟಿಗಳ ಚುರುಕು ಇರುವುದೇ ಎಲೆಯನ್ನು ಕಡ್ಡಿಯಿಂದ ಬೇರ್ಪಡಿಸಲು. ಆದ್ದರಿಂದ ಸೊಪ್ಪಿನ ಕಟ್ಟನ್ನು ನೆಲಕ್ಕೆ ಚೆಲ್ಲದೆ ಮರಿಯ ಮೂತಿಗಿಂತ ತುಸು ಎತ್ತರಕ್ಕೆ ತೂಗುಹಾಕಿ, ಹಾಕಿದ್ದರಲ್ಲಿ ಹತ್ತರಲ್ಲೊಂದು ಎರಡು ಭಾಗ ಉಳಿದರೆ ಅದನ್ನು ನಷ್ಟವೆಂದು ಭಾವಿಸಬೇಡಿ. ಕಡ್ಡಿಯವರೆಗೂ ತಿನ್ನಲೇಬೇಕೆಂದು ಬಿಟ್ಟರೆ ಮತ್ತೆ ಲಿಗ್ನಿನ್ ತುಂಬಿದ ಹೊಟ್ಟೆಯೇ ಗತಿ. ಸುಬಾಬುಲ್ ಪ್ರೋಟೀನ್ ಭರಿತವಾದರೂ ಅದರಲ್ಲಿ ಮಿಮೋಸಿನ್ ಎಂಬ ವಿಷಕಾರಿ ಅಂಶವಿದ್ದು, ಕೂದಲು ಉದುರುವುದೂ ಥೈರಾಯ್ಡ್ ಊದುವುದೂ ಅದರಿಂದಲೇ. ಒಟ್ಟು ಮೇವಿನ ಮೂರನೆಯ ಒಂದು ಭಾಗ ದಾಟದಿರಲಿ. ಗ್ಲಿರಿಸಿಡಿಯಾ ಸೊಪ್ಪಿನ ವಾಸನೆಗೆ ಮರಿಗಳು ಮೊದಮೊದಲು ಮೂತಿ ತಿರುವುತ್ತವೆ, ಅರ್ಧ ದಿನ ಬಾಡಿಸಿದರೆ ತಿನ್ನುತ್ತವೆ. ಜಾಲಿಕಾಯಿಯ ಟ್ಯಾನಿನ್ ಎಂಬ ಒಗರು ಅಂಶ ಸ್ವಲ್ಪವಿದ್ದರೆ ಪ್ರೋಟೀನನ್ನು ರೂಮೆನ್‌ನಲ್ಲಿ ಕಾಪಾಡುತ್ತದೆ, ಅತಿಯಾದರೆ ಅದೇ ಪ್ರೋಟೀನ್ ದಕ್ಕದಂತೆ ಮಾಡುತ್ತದೆ. ರೇಷ್ಮೆ ಸಾಕುವವರ ಮನೆಯಿಂದ ಹಿಪ್ಪುನೇರಳೆ ತರುವುದಾದರೆ ಹುಳುವಿನ ಹಾಸಿಗೆಯಿಂದ ತೆಗೆದ ಉಳಿಕೆ ಬೇಡ. ಅದರ ಮೇಲೆ ಸುಣ್ಣ ಮತ್ತು ಸೋಂಕುನಿವಾರಕ ಪುಡಿ ಎರಚಿರುತ್ತಾರೆ. ಮಳೆ ತಡವಾಗಿ ಬಾಡಿದ ಎಳೆಯ ಜೋಳದ ಪೈರನ್ನು ಮಾತ್ರ ಯಾವ ಕಾರಣಕ್ಕೂ ಮೇಯಿಸಬೇಡಿ, ಅದರಲ್ಲಿರುವ ಹೈಡ್ರೋಸಯನಿಕ್ ಆಮ್ಲ ನಿಮಿಷಗಳಲ್ಲಿ ಕೊಲ್ಲುತ್ತದೆ.

ನೇಪಿಯರ್ ಕಿತ್ತುಹಾಕಬೇಕಾಗಿಲ್ಲ. ಎದೆಯೆತ್ತರಕ್ಕೆ ಬಿಡದೆ 35ರಿಂದ 40 ದಿನಕ್ಕೊಮ್ಮೆ ಕೊಯ್ದು, ಕತ್ತರಿಸಿ, ಸೊಪ್ಪು ಕಡಿಮೆಯಿದ್ದ ದಿನ ಅದರ ಅರ್ಧಭಾಗಕ್ಕೆ ಬದಲಿಯಾಗಿ ಬಳಸಿ. ಬಲಿತ ದಂಟು ದೊಡ್ಡ ಮೇಕೆಗಳಿಗೋ ಹಸುಗಳಿಗೋ ಹೋಗಲಿ. ಹುಲ್ಲಿಗೆ ಯೂರಿಯಾ ಉಪಚಾರ ಮಾಡುವ ವಿಧಾನವನ್ನು ಕೆಲವರು ಹೇಳಬಹುದು. ದೊಡ್ಡ ದನಗಳಿಗೆ ಅದು ಉಪಯುಕ್ತ, ಆದರೆ ಅಳತೆ ತಪ್ಪಿದರೆ ವಿಷವಾಗುವ ಆ ಹುಲ್ಲನ್ನು ಆರು ತಿಂಗಳೊಳಗಿನ ಮರಿಗಳಿಗೆ ನಾನು ಸಲಹೆ ಮಾಡುವುದಿಲ್ಲ. ನಾರನ್ನೂ ಕಾಳನ್ನೂ ಸೇರಿಸಿ ಒತ್ತಿದ ಗುಳಿಗೆ ಆಹಾರ ಅನುಕೂಲವೇನೋ ಹೌದು, ಆದರೆ ಖರ್ಚು ಹೆಚ್ಚು, ಜೊತೆಗೆ ಒಂದಿಷ್ಟು ಉದ್ದನೆಯ ಹುಲ್ಲು ಹೇಗೂ ಬೇಕು. ಅಕ್ಕಪಕ್ಕ ಬೀಳು ಇದ್ದು, ದಿನಕ್ಕೆ ಮೂರು ಗಂಟೆ ಮೇಯಿಸಿಕೊಂಡು ಬರಲು ಆಳು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ, ಇಬ್ಬನಿ ಆರಿದ ಮೇಲೆ ಹೊರಟರೆ ಹುಳುವಿನ ಕಾಟವೂ ಕಡಿಮೆ.

ಬದಲಾವಣೆಯನ್ನು ಯಾವ ಕಡೆಗೆ ಮಾಡಿದರೂ ನಿಧಾನವಾಗಿ ಮಾಡಿ. ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಎರಡು ಮೂರು ವಾರ ಬೇಕು. ಮರಿಗಳ ಹಿಕ್ಕೆ ಮತ್ತೆ ಗಟ್ಟಿಯಾಗಿ ಬಿಡಿಬಿಡಿಯಾದ ಮೇಲೆ ಕೈತಿಂಡಿಯನ್ನು 50 ಗ್ರಾಂನಿಂದ ಆರಂಭಿಸಿ, ನಾಲ್ಕು ದಿನಕ್ಕೊಮ್ಮೆ 30 ಗ್ರಾಂ ಏರಿಸುತ್ತ ಬನ್ನಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ, ಮೊದಲು ಹೊಟ್ಟು ಅಥವಾ ಹುಲ್ಲು ತಿನ್ನಿಸಿ ಆಮೇಲೆ ಕೈತಿಂಡಿ ಇಡಿ. ಹಸಿದ ಮರಿ ಹಿಟ್ಟಿಗೆ ಮೊದಲು ಬಾಯಿ ಹಾಕಿದಾಗಲೇ ತೊಂದರೆ ಆರಂಭವಾಗುವುದು. ಎಲ್ಲ ಮರಿಗಳೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ಗೋದಲಿ ಇಲ್ಲದಿದ್ದರೆ ಬಲವಾದ ಮರಿ ಮೂರರ ಪಾಲು ನುಂಗಿ ಕಾಯಿಲೆ ಬೀಳುತ್ತದೆ, ದುರ್ಬಲ ಮರಿ ಹೊಟ್ಟೆಗಿಲ್ಲದೆ ಸೊರಗುತ್ತದೆ.

ಲೆಕ್ಕ ಸರಿಹೋಗುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಮೇವು ತಿಂದು ಒಂದೆರಡು ಗಂಟೆಯ ಬಳಿಕ ಅಟ್ಟಣಿಗೆಯ ಬಳಿ ಸದ್ದಿಲ್ಲದೆ ನಿಂತು ನೋಡಿ, ಮಲಗಿರುವ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದರೆ ನಿಮಿಷಕ್ಕೆ ಒಂದೆರಡು ಸಲ ರೂಮೆನ್ ನಿಧಾನವಾಗಿ ಎದ್ದು ಕೈಯನ್ನು ದೂಡುತ್ತದೆ. ಒಂದು ಹಿಡಿ ಹಿಕ್ಕೆಯನ್ನು ನೀರಿನಲ್ಲಿ ನೆನೆಸಿ ಚಹಾ ಸೋಸುವ ಹಳೆಯ ಜಾಲರಿಯಲ್ಲಿ ತೊಳೆಯಿರಿ: ಮೆಕ್ಕೆಜೋಳದ ನುಚ್ಚು ಉಳಿದರೆ ಕಾಳು ದಕ್ಕುತ್ತಿಲ್ಲ, ಬೆರಳುಗುರಿನಷ್ಟು ಉದ್ದದ ಹುಲ್ಲಿನೆಳೆಗಳು ಉಳಿದರೆ ಮೆಲುಕು ಸಾಲುತ್ತಿಲ್ಲ ಅಥವಾ ಸೂಕ್ಷ್ಮಜೀವಿಗಳು ಸೋತಿವೆ ಎಂದು ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮೊದಲು, ಅದೇ ಐದಾರು ಮರಿಗಳನ್ನು ತೂಗಿ ಬರೆದಿಡಿ. ಹೊಟ್ಟೆಯ ಗಾತ್ರ ಕಣ್ಣಿಗೆ ಮೋಸ ಮಾಡುತ್ತದೆ, ತಕ್ಕಡಿ ಮಾಡುವುದಿಲ್ಲ.

ಬಕ್ರೀದ್ ಆತುರದಲ್ಲಿ ಹಿಟ್ಟು ಸುರಿಯುವ ಅಗತ್ಯ ನಿಮಗಿಲ್ಲ. ಕುರ್ಬಾನಿಗೆ ಕೊಡುವ ಮೇಕೆಗೆ ಒಂದು ವರ್ಷ ತುಂಬಿರಬೇಕು, ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡಿಯೇ ಬೆಲೆ ಕಟ್ಟುತ್ತಾರೆ. ನಿಮ್ಮ ಮರಿಗಳು ಆ ವಯಸ್ಸಿಗೆ ಬರಲು ಇನ್ನೂ ಎಂಟು ತಿಂಗಳು ಬೇಕು. ನಮ್ಮ ನಾಡತಳಿಗಳು ಮೇಲಿನಂಥ ಮೇವಿನಲ್ಲಿ, ಹುಳುಬಾಧೆ ಇಲ್ಲದಿದ್ದರೆ, ದಿನಕ್ಕೆ 60ರಿಂದ 100 ಗ್ರಾಂ ಬೆಳೆಯುತ್ತವೆ. ಸರಾಸರಿ 80 ಗ್ರಾಂ ಎಂದು ಹಿಡಿದರೂ ಇಂದು 12 ಕೆ.ಜಿ. ಇರುವ ಮರಿ 240 ದಿನಗಳಲ್ಲಿ 31 ಕೆ.ಜಿ. ಮುಟ್ಟುತ್ತದೆ. ಮರಿ ಬೆಳೆದಂತೆ ಅದರ ರೂಮೆನ್ ನಾರನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳುವುದರಿಂದ ಆರು ತಿಂಗಳ ನಂತರ ರಾಗಿಹುಲ್ಲಿನ ಪಾಲನ್ನು ಹಂತಹಂತವಾಗಿ ಹೆಚ್ಚಿಸಬಹುದು, ಆಗ ಖರ್ಚೂ ಇಳಿಯುತ್ತದೆ. ಹಿಕ್ಕೆ ಪರೀಕ್ಷೆಯ ವರದಿ ಮತ್ತು ಎರಡು ಸಲದ ತೂಕ ಕೈಗೆ ಬಂದ ಮೇಲೆ ಬರೆಯಿರಿ, ಕೈತಿಂಡಿಯ ಪ್ರಮಾಣವನ್ನು ನಿಮ್ಮ ಮರಿಗಳಿಗೆ ತಕ್ಕಂತೆ ತಿದ್ದಿಕೊಡುತ್ತೇನೆ.